ಉಪ್ಪಾಗೆ ಮರದ ಕೆಳಗೆ

ಆ ದಿನಗಳಲ್ಲಿ ಆಷಾಢ ಬಂತೆಂದರೆ ಹೊಸನಗರ ಕಡೆಯ ನಮ್ಮೂರಿನ ಮನೆಗಳೆಲ್ಲ ಹುಳಿ ಹೊಗೆಯ ವಾಸನೆ ಹೊಡೆಯುತ್ತಿದ್ದವು. ಕಾಡಿನಿಂದ ಹೆಕ್ಕಿ ತಂದ ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಒಣಗಿಸಿ ಮಾರುತ್ತಿದ್ದೆವು. ಬೀಜದಿಂದ ತೆಗೆದ ತುಪ್ಪ ದೋಸೆಗಾಗುತ್ತಿತ್ತು. ಬೀಜಕ್ಕಂಟಿದ ತಿರುಳನ್ನು ಚೀಪಿ ಚೀಪಿ ನಾಲಿಗೆ ದೊರಗಾಗಿ, ಸಂಜೆ ಗಂಜಿಯ ಉಪ್ಪೂ ಉರಿಯುತ್ತಿತ್ತು.

ನಾನು ಹಣ್ಣು ಹೆಕ್ಕಲು ಹೋಗುತ್ತಿದ್ದದ್ದು ಪಕ್ಕದ ಮನೆಯ ನಾಗಕ್ಕನ ಜೊತೆ. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಸುಮಿ, ನನ್ನ ಜೊತೆಯೇ ಐದನೇ ಕ್ಲಾಸು. ನಾಗಕ್ಕ ಬಿದ್ದ ಹಣ್ಣನ್ನಷ್ಟೇ ಮುಟ್ಟುತ್ತಿದ್ದಳು. ಚೀಲ ಅರ್ಧವಾದರೆ ಬೇರಿಗೊರಗಿ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಮನೆಗೆ ಬಂದಮೇಲೆ ನನಗೂ ಅವಳಿಗೂ ಸಮಪಾಲು.

ಆ ವರ್ಷ ಸಿಪ್ಪೆಗೆ ಒಮ್ಮೆಲೇ ರೇಟು ಬಂತು. ವ್ಯಾಪಾರಿಗಳ ಜೀಪು ಊರೊಳಗೇ ಬರತೊಡಗಿತು. ಹಣ್ಣು ಬೀಳುವವರೆಗೆ ಕಾಯದೆ ಜನ ಮರ ಹತ್ತಿ ಕೊಂಬೆಯನ್ನೇ ಕಡಿದು ಕೆಡವಿದರು.

“ನಾವೂ ಹತ್ತಾಣ ನಾಗಕ್ಕ.”

“ಎಂತಕ್ಕೆ? ಬಿದ್ದದ್ದೇ ಹೊರೋಕಾಗಲ್ಲ. ಮೇಲಿಂದು ಮಂಗ ತಿನ್ಲಿ ಬಿಡು.”

“ಮಂಗ ಎಂತ ನಿನ್ನ ನೆಂಟನಾ?”

“ಹೌದೇ ಮಾರಾಯ್ತಿ, ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹುಂಚದ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳ ಬಳಿ ಆಯಸ್ಕಾಂತದ ಪೆನ್ಸಿಲ್ ಡಬ್ಬಿಯಿತ್ತು. ಮುಚ್ಚಳದೊಳಗೆ ಕನ್ನಡಿ, ಬಿಟ್ಟರೆ ಟಕ್ಕೆಂದು ತಾನೇ ಮುಚ್ಚಿಕೊಳ್ಳುತ್ತಿತ್ತು. ಅರ್ಧ ಚೀಲದ ಪಾಲಿನಲ್ಲಿ ಅದು ಬರುವಂತಿರಲಿಲ್ಲ. ಮರುದಿನ ಮರದ ಕೆಳಗೆ ನಾನು ಸುಳ್ಳು ಹೇಳಿದೆ.

“ಸುಮಿ ಶಾಲೇಲಿ ಅತ್ಲು ನಾಗಕ್ಕ. ಎಲ್ರಿಗೂ ಶೂ ಇದೆ, ತನಗಿಲ್ಲ ಅಂತ. ನಿಂಗೆ ಹೇಳ್ಬೇಡ ಅಂದ್ಲು.”

ಜಗಿಯುತ್ತಿದ್ದ ನಾಗಕ್ಕನ ಬಾಯಿ ನಿಂತಿತು. ಎಲೆಅಡಿಕೆ ಉಗಿದು, ಸೀರೆ ಎತ್ತಿ ಸಿಕ್ಕಿಸಿ, ಹಾವಸೆ ಕಟ್ಟಿ ಜಾರುತ್ತಿದ್ದ ಮರವನ್ನು ಹತ್ತಿದಳು. ಕೊಂಬೆ ಅಲುಗಿಸಿದಳು. ಲಟ್ಟೆಂದಿತು.

ಕಾಲಡಿಯ ಕೊಂಬೆ ಕೆಳಗೆ ಬಂತು. ನಾಗಕ್ಕ ಮೇಲಿನದನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡುತ್ತಿದ್ದಳು.

“ಕೂಸೇ, ಓಡು! ಯಾರನ್ನಾದ್ರೂ ಕರಿಯೇ!”

ಮುರಿದ ಕೊಂಬೆಯ ಹಣ್ಣುಗಳು ಇಳಿಜಾರಿನಲ್ಲಿ ಹಳ್ಳದ ಕಡೆಗೆ ಉರುಳುತ್ತಿದ್ದವು. ನಾನು ಓಡಿದ್ದು ಅವುಗಳ ಹಿಂದೆ. ಲಂಗದಲ್ಲಿ ತುಂಬಿಕೊಂಡೆ. ಇನ್ನೊಂದು, ಅದೋ ಅಲ್ಲೊಂದು. ಮೇಲಿನಿಂದ ಮತ್ತೆ ಕೂಗು ಕೇಳಿತು. ನಾನು ತಲೆಯೆತ್ತಲಿಲ್ಲ. ಆಮೇಲೆ ಬಿದ್ದ ಸದ್ದು. ಅದಾದ ಮೇಲೆ ಊರಿಗೆ ಓಡಿದೆ.

ಸೊಂಟದ ಎಲುಬು ಮುರಿದಿತ್ತು. ಅವಳು ಮತ್ತೆಂದೂ ಕೋಲಿಲ್ಲದೆ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, ಅಂದಿನ ಹಣ್ಣಿನ ಸಿಪ್ಪೆ ಮಾರಿ ಬಂದ ದುಡ್ಡಿನಲ್ಲಿ ನನ್ನ ಪಾಲನ್ನು ಸುಮಿಯ ಕೈಯಲ್ಲಿ ಕಳಿಸಿದಳು. ಡಬ್ಬಿ ಕೊಂಡೆ. ಅದನ್ನು ನೋಡಿ ಅಳು ಬಂತು ಎಂದು ಬರೆಯಬಹುದಿತ್ತು, ಬರಲಿಲ್ಲ. ವರ್ಷಪೂರ್ತಿ ಖುಷಿಯಿಂದ ತೆರೆದೆ, ಮುಚ್ಚಿದೆ. ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಈಗ ಸಾಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಬೇಕೆನಿಸಿದ್ದು ಫೋನಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಆದರೆ ಎಲ್ಲಾದರೂ ಕಟ್ಟಿಗೆ ಮುರಿದ ಸದ್ದಾದರೆ ಸಾಕು, ಮತ್ತೆ ಆ ಇಳಿಜಾರಿನಲ್ಲಿ ಬಗ್ಗಿ ನಿಂತಿರುತ್ತೇನೆ. ಮೇಲೆ ನೋಡು ಎಂದು ಎಷ್ಟು ಹೇಳಿಕೊಂಡರೂ ಕತ್ತು ಏಳುವುದಿಲ್ಲ.

ಕಳೆದ ಆಷಾಢದಲ್ಲಿ ಹೋಗಿದ್ದೆ. ನಾಗಕ್ಕ ಜಗಲಿಯಲ್ಲಿ ಹಣ್ಣು ಬಿಡಿಸುತ್ತಿದ್ದಳು.

“ಅವತ್ತು ಸುಮಿ ಶೂ ಕೇಳಿರ್ಲಿಲ್ಲ ನಾಗಕ್ಕ. ನಾ ಸುಳ್ಳು ಹೇಳಿದ್ದೆ.”

“ಗೊತ್ತಲ್ಲೇ. ಆಸ್ಪತ್ರೇಲೇ ಸುಮಿ ಹೇಳಿದ್ಲು, ನಾ ಅತ್ತೇ ಇಲ್ಲ ಅಮ್ಮಾ ಅಂತ.”

“ಗೊತ್ತಿದ್ದೂ ಪಾಲು ಯಾಕೆ ಕಳಿಸಿದ್ದು?”

“ನೀ ಹೆಕ್ಕಿದ್ದಲ್ವಾ? ಮೇಲಿಂದ ಕಾಣ್ತಿತ್ತು.”

ಅಷ್ಟು ಹೇಳಿ, ತಿರುಳಿರುವ ಬೀಜವೊಂದನ್ನು ನನ್ನ ಅಂಗೈಗಿಟ್ಟಳು.

ಕೊಂಬೆ ಕಡಿಸಿಕೊಂಡ ಆ ಮರಗಳಲ್ಲಿ ಹೆಚ್ಚಿನವು ಒಣಗಿಹೋಗಿವೆ. ಉಳಿದವುಗಳ ಕೆಳಗೆ ನಾಗಕ್ಕ ಕೋಲೂರಿಕೊಂಡು ಈಗಲೂ ಹೋಗುತ್ತಾಳೆ, ಚೀಲ ಅರ್ಧವಾದರೆ ಕೂರುತ್ತಾಳೆ. ನನಗೆ ಯಾವ ಚೀಲ ಎಷ್ಟು ತುಂಬಿದರೂ ಕೂರಲು ಬರುವುದಿಲ್ಲ.