ಸೋತವರು ಹಳಿ ದಾಟಬೇಕು

ನನ್ನ ಗಂಡನ ಮನೆಯ ಜಗಲಿಯಲ್ಲಿ ಕೂತರೆ ತವರುಮನೆಯ ಒಲೆಯ ಹೊಗೆ ಕಾಣುತ್ತಿತ್ತು. ನಡುವೆ ಇದ್ದದ್ದು ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹಳಿ, ಅಷ್ಟೇ. ಹಳಿಯ ಈಚೆ ಒಂದು ಊರು, ಆಚೆ ಇನ್ನೊಂದು. ಕೂಗಿದರೆ ಕೇಳುವಷ್ಟು ದೂರಕ್ಕೆ ಮಗಳನ್ನು ಕೊಟ್ಟಿದ್ದೀನಿ ಅಂತ ನಮ್ಮಮ್ಮ ಸಿಕ್ಕಿದವರ ಹತ್ತಿರವೆಲ್ಲ ಜಂಬ ಕೊಚ್ಚುತ್ತಿದ್ದಳು. ಹಾಳಾದ ಎಲೆಕ್ಷನ್ನು ಬಂತು ನೋಡಿ, ಆ ಜಂಬಕ್ಕೆ ಯಾರ ಕಣ್ಣು ಬಿತ್ತೋ.

ಮಹಾರಾಜರ ಕಾಲದ ಎಲೆಕ್ಷನ್ನು ಅದು. ಎಲ್ಲರಿಗೂ ಓಟಿರಲಿಲ್ಲ, ಇಷ್ಟು ಅಂತ ಕಂದಾಯ ಕಟ್ಟುವವರಿಗೆ ಮಾತ್ರ. ನಮ್ಮ ಎರಡು ಊರು ಸೇರಿಸಿದರೂ ಓಟಿದ್ದವರು ಕೆಲವೇ ಗಂಡಸರು. ಅದರಲ್ಲಿ ನಮ್ಮಪ್ಪ ಒಬ್ಬ, ನಮ್ಮ ಮಾವನವರು ಒಬ್ಬರು. ಅಪ್ಪ ನಂದಿದುರ್ಗ ಅನ್ನುವ ಚಿನ್ನದ ಗಣಿಯ ಕೆಲಸಗಾರರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದ. ಅಲ್ಲಿಯ ಕಂಟ್ರಾಕ್ಟರೊಬ್ಬ ಚುನಾವಣೆಗೆ ನಿಂತಿದ್ದ, ಅಪ್ಪ ಅವನ ಕಡೆ. ಮಾವನವರು ಬಿಳಿ ಟೋಪಿಯ ವಕೀಲರೊಬ್ಬರ ಕಡೆ. ಓದು ಬಾರದವರಿಗೆ ಗೊತ್ತಾಗಲಿ ಅಂತ ಓಟಿನ ಪೆಟ್ಟಿಗೆಗಳಿಗೆ ಬಣ್ಣ ಬಳಿದಿದ್ದರು. ಕಂಟ್ರಾಕ್ಟರನದು ಹಳದಿ, ವಕೀಲರದು ಬಿಳಿ. ಕೆಂಪು ಪೆಟ್ಟಿಗೆಯೂ ಒಂದಿತ್ತು, ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿ ಸಾಹುಕಾರನದು. ಅವನು ಒಂದು ಸಲ ಬಂದು, ಈಚೆ ಊರಲ್ಲಿ ಮಜ್ಜಿಗೆ ಕುಡಿದು, ಆಚೆ ಊರಲ್ಲೂ ಮಜ್ಜಿಗೆ ಕುಡಿದು, ಕೈಮುಗಿದು ಹೋಗಿದ್ದ. ಅವನನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಾನು ಆಗ ಬಸುರಿ. ಚೊಚ್ಚಲು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದು ನಮ್ಮ ಕಡೆ ಪದ್ಧತಿ. ಬಳೆ ತೊಡಿಸಿ ಕರೆದುಕೊಂಡು ಹೋಗಲು ದಿನ ಕೇಳೋಣ ಅಂತ ಅಪ್ಪ ಬಂದ. ಬಂದವನು ದಿನ ಕೇಳಿ ಹೋಗಬಾರದಿತ್ತೇ? ಎಲೆಅಡಿಕೆ ಮೆಲ್ಲುತ್ತಾ ಎಲೆಕ್ಷನ್ನಿನ ಮಾತು ತೆಗೆದ.

"ನಿಮ್ ಟೋಪಿ ವಕೀಲ ಈ ಸಲ ಮಣ್ಣು ಮುಕ್ತಾನೆ ಬಿಡಿ ಬೀಗ್ರೇ" ಅಂದ.

ಮಾವನವರಿಗೆ ಮೂಗಿನ ತುದಿಯಲ್ಲೇ ಕೋಪ. "ಯಾರು ಮುಕ್ತಾರೋ ನೋಡೇ ಬಿಡಾನ. ಸೋತೋರು ಹಳಿ ದಾಟಿ ಗೆದ್ದೋರ ಬಾಗ್ಲಿಗೆ ಬರ್ಬೇಕು. ಎಲೆಅಡ್ಕೆ ಇಟ್ಟು ಸೋತೆ ಅನ್ಬೇಕು. ಅಲ್ಲೀಗಂಟ ಇವ್ಳು ಈ ಒಸ್ಲು ದಾಟಾಕಿಲ್ಲ!"

"ಆಗ್ಲಿ. ನೀವೇ ಬತ್ತೀರ, ನೀವೇ ಇವಳ್ನ ಬಿಟ್ಟೋಗ್ತೀರ" ಅಂತ ಅಪ್ಪ ಟವೆಲು ಕೊಡವಿ ಎದ್ದೇ ಬಿಟ್ಟ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನನ್ನ ಗಂಡ ತನ್ನಪ್ಪನೆದುರು ಬಾಯಿ ಬಿಡುವ ಪೈಕಿಯಲ್ಲ, ದನಕ್ಕೆ ಹುಲ್ಲು ಹಾಕುವ ನೆಪ ಮಾಡಿ ಹಿತ್ತಲಿಗೆ ಹೋದ.

ಅವರೆಕಾಯಿ ಕಾಲ. ಅಮ್ಮ ಸಂಜೆ ಹೊತ್ತು ಅಂಗಳದಲ್ಲಿ ಕೂತು ನೆನೆದ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದದ್ದು ನಮ್ಮ ಜಗಲಿಗೆ ಕಾಣುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಹಿತಕಬೇಳೆ ಸಾರಿನ ಘಮಲು ಕೂಡ ಬರುತ್ತಿತ್ತು. ನಮ್ಮತ್ತೆಯೂ ಅದನ್ನೇ ಮಾಡುತ್ತಿದ್ದರು, ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ನಾನು ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದೆ. ಅಮ್ಮ ಬೇಕಿತ್ತು. ಅವಳ ಮಡಿಲಲ್ಲಿ ತಲೆಯಿಟ್ಟು ಒಂದು ಗಳಿಗೆ ಮಲಗಬೇಕಿತ್ತು, ಇನ್ನೇನೂ ಬೇಡವಾಗಿತ್ತು. ಹಳದಿ ಸೋಲಲಿ ಬಿಳಿ ಸೋಲಲಿ, ದೇವರೇ, ಯಾರಾದರೂ ಒಬ್ಬರು ಬೇಗ ಸೋಲಲಿ ಅಂತ ದೀಪ ಹಚ್ಚುವಾಗೆಲ್ಲ ಕೇಳಿಕೊಳ್ಳುತ್ತಿದ್ದೆ.

ಓಟು ಎಣಿಸಿದ್ದು ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ. ನಮ್ಮ ಊರಿಗೆ ಸುದ್ದಿ ಬರುವುದು ಹೇಗೆ? ವೀಳ್ಯದೆಲೆ ಮಾರುವ ತಮಿಳರವನೊಬ್ಬ ದಿನಾ ಸಂಜೆ ಬಂಗಾರಪೇಟೆಯಿಂದ ರೈಲುಗಾಡಿಯಲ್ಲಿ ಗಣಿಯ ಲೈನುಗಳಿಗೆ ಹೋಗುತ್ತಿದ್ದ. ಎರಡೂ ಊರಿನವರು ಅವನನ್ನು ಹಿಡಿದರು. ಅಪ್ಪನ ಕಡೆಯವರು ಹಳದಿ ಬಟ್ಟೆ ಕೊಟ್ಟರು, ಮಾವನವರ ಕಡೆಯವರು ಬಿಳಿ ಬಟ್ಟೆ. ನಮ್ಮ ಊರ ಹತ್ತಿರ ಗಾಡಿ ನಿಲ್ಲುವುದಿಲ್ಲ, ಅದಕ್ಕೆ ಗೆದ್ದವರ ಬಟ್ಟೆಯನ್ನು ಬಾಗಿಲಲ್ಲಿ ನಿಂತು ಬೀಸಬೇಕು ಅಂತ ಮಾತಾಯಿತು. ಕೆಂಪು ಬಟ್ಟೆಯ ಮಾತನ್ನು ಒಬ್ಬರಾದರೂ ಎತ್ತಲಿಲ್ಲ. ಎರಡು ಊರಿನ ಬುದ್ಧಿವಂತರೆಲ್ಲ ಅಲ್ಲೇ ಇದ್ದರು!

ಆ ಸಂಜೆ ಹಳಿಯ ಎರಡೂ ಕಡೆ ಜನ. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಆಚೆ ತಿಪ್ಪೆಯ ಪಕ್ಕ ಹೆಂಗಸರ ಗುಂಪಿನಲ್ಲಿ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳು ಗಾಡಿ ಬರುವ ದಾರಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಗಾಡಿ ಬಂತು. ಎಲೆಯವನು ಬಾಗಿಲಲ್ಲಿ ನಿಂತು ಎರಡೂ ಬಟ್ಟೆಗಳನ್ನು ಒಟ್ಟಿಗೇ ಹಿಡಿದು ಬೀಸುತ್ತಾ ಏನೋ ಕಿರುಚುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಆಚೆಯವರಿಗೆ ಹಳದಿಯೇ ಕಂಡಿತು, ಈಚೆಯವರಿಗೆ ಬಿಳಿಯೇ ಕಂಡಿತು. ಗಾಡಿ ದಾಟುವಷ್ಟರಲ್ಲಿ ಎರಡು ಕಡೆಯೂ ಪಟಾಕಿ, ಎರಡು ಕಡೆಯೂ ತಮಟೆ.

"ಈಗ ಬತ್ತಾನೆ ನೋಡವ್ವ ನಿಮ್ಮಪ್ಪ, ಎಲೆಅಡ್ಕೆ ಇಡ್ಕೊಂಡು" ಅಂದರು ಮಾವ. ನಾನು ಒಳಗೆ ಓಡಿ ಎರಡು ಸೀರೆ ಗಂಟು ಕಟ್ಟಿಕೊಂಡೆ. ಅತ್ತೆ ತಲೆ ಬಾಚಿ ಹೂ ಮುಡಿಸಿ, "ಓಗಿ ಬಾ ಮಗಾ, ತಂಪೊತ್ತಲ್ಲಿ ಮಗೀನ ಎತ್ಕೊಂಡು ಬಾ" ಅಂದರು. ಗಂಟು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಆಚೆ ತಮಟೆ ನಿಲ್ಲಲಿಲ್ಲ.

"ಸೋತೋರು ಯಾಕ್ಲಾ ತಮಟೆ ಬಡೀತವ್ರೆ?" ಅಂತ ಮಾವನವರಿಗೂ ಅನುಮಾನ ಹತ್ತಿತು. ಲಾಟೀನು ಹಿಡಿದು ಇವರು ಹಳಿಯ ತನಕ ಹೋದರೆ, ಆ ಕಡೆಯಿಂದ ಅಪ್ಪನ ಗುಂಪೂ ಬಂದು ನಿಂತಿದೆ. ದಾಟುವವರು ಮಾತ್ರ ಯಾರೂ ಇಲ್ಲ.

ಅಷ್ಟರಲ್ಲಿ ಎಲೆಯವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬುಟ್ಟಿ ಹೊತ್ತುಕೊಂಡು ಹಳಿಯ ಮೇಲೇ ಏದುಸಿರು ಬಿಡುತ್ತಾ ಬಂದ.

"ರೆಂಡುಂ ಪೋಚ್ಚು ಸಾಮಿ, ರೆಂಡುಂ ಪೋಚ್ಚು! ಎರಡೂ ಓಯ್ತು! ಕೆಂಪು ಗೆದ್ದೈತೆ!"

"ಮತ್ಯಾಕ್ಲಾ ಎರಡು ಬಟ್ಟೆ ಬೀಸ್ದೆ?" ಅಂತ ಮಾವ ಅವನ ಮೇಲೆ ಹೋದರು.

"ಎರಡೂ ಓಯ್ತು ಅಂತ ಯೋಳಾಕೆ ಇನ್ನೇನ್ ಬೀಸ್ಲಿ ಸಾಮಿ? ಕೆಂಪು ಬಟ್ಟೆ ಯಾರ್ ಕೊಟ್ಟಿದ್ರಿ?"

ಗಂಡಸರು ಲಾಟೀನು ಇಳಿಸಿಕೊಂಡು ತಂತಮ್ಮ ಊರಿಗೆ ತಿರುಗಿದರು. ನಾನು ಹುಚ್ಚಿ, ಆಗಲೂ ಖುಷಿಪಟ್ಟೆ. ಇಬ್ಬರೂ ಸೋತಿದ್ದಾರೆ, ಹಾಗಾದರೆ ಇಬ್ಬರೂ ಹಳಿ ದಾಟಲೇಬೇಕಲ್ಲ ಅಂದುಕೊಂಡೆ. ಗಂಡಸರ ನ್ಯಾಯವೇ ಬೇರೆ. ಅವನೂ ಸೋತವ್ನೆ, ಮೊದ್ಲು ಅವ್ನೇ ಬರ್ಲಿ ಅಂತ ಮಾವ ಕೂತರು. ಆಚೆ ಅಪ್ಪನೂ ಅದನ್ನೇ ಹೇಳಿ ಕೂತಿದ್ದನಂತೆ. ನನ್ನ ಗಂಟು ಮೂಲೆಯಲ್ಲೇ ಇತ್ತು. ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ರಾಗಿ ಬೀಸುತ್ತಾ ಅತ್ತೆಗೆ ಕಾಣದ ಹಾಗೆ ಅಳುತ್ತಿದ್ದೆ. ಅವರಿಗೆ ಕಾಣುತ್ತಿತ್ತು, ಪಾಪ, ಇನ್ನೊಂದು ಹಿಡಿ ರಾಗಿ ಕಲ್ಲಿಗೆ ಹಾಕುತ್ತಿದ್ದರು.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದೆ. ಅಮ್ಮ ಬರುತ್ತಿದ್ದಳು. ಒಬ್ಬಳೇ. ಬುಟ್ಟಿಯಲ್ಲಿ ಹಸಿರು ಬಳೆ, ಹೂವು, ಮಡಿಲಕ್ಕಿ. ನನ್ನ ಕಡೆ ನೋಡಿದರೆ ಎಲ್ಲಿ ಅತ್ತುಬಿಡುತ್ತಾಳೋ ಅಂತಲೋ ಏನೋ, ನೇರವಾಗಿ ಮಾವನವರ ಮುಂದೆ ಹೋಗಿ ಹೊಸ್ತಿಲ ಮೇಲೆ ಎಲೆಅಡಿಕೆ ಇಟ್ಟಳು.

"ಬೀಗ್ರೇ, ನಾನ್ ಸೋತಿದ್ದೀನಿ. ಮಗಳ್ನ ಕಳ್ಸಿ."

ಮಾವನವರು ತಬ್ಬಿಬ್ಬಾದರು. "ನಿಂಗೆ ಓಟೆಲ್ಲೈತಮ್ಮ? ನೀನೆಂಗೆ ಸೋಲ್ತೀಯ?"

"ಸೋಲಾಕೂ ಓಟು ಬೇಕಾ ಬೀಗ್ರೇ?" ಅಂದಳು ಅಮ್ಮ.

ಮಾವನವರು ಬಗ್ಗಿ ಎಲೆಅಡಿಕೆ ಎತ್ತಿಕೊಂಡರು. ಅತ್ತೆ ಒಳಗಿನಿಂದ ನನ್ನ ಗಂಟು ತಂದುಕೊಟ್ಟರು.

ಹಳಿ ದಾಟುವಾಗ ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಆ ಹೊತ್ತಿಗೆ ಯಾವ ಗಾಡಿಯೂ ಇಲ್ಲ, ಅದು ಅವಳಿಗೂ ಗೊತ್ತು. ಆ ಕೈಯಲ್ಲಿ ಅವರೆಯ ಸೊಗಡು ಇತ್ತು.

ಈಗ ನನಗೂ ಓಟಿದೆ. ತಪ್ಪದೆ ಹಾಕುತ್ತೇನೆ. ಫಲಿತಾಂಶದ ದಿನ ಮನೆಯವರೆಲ್ಲ ರೇಡಿಯೋ ಮುಂದೆ ಕೂತು ಕಚ್ಚಾಡುವಾಗ ನಾನು ಎದ್ದು ಜಗಲಿಗೆ ಬರುತ್ತೇನೆ. ಹಳಿ ಅಲ್ಲೇ ಇದೆ, ಮಾರಿಕುಪ್ಪಂ ಗಾಡಿಯೂ ಓಡಾಡುತ್ತದೆ. ಆಚೆ ಆ ಒಲೆಯ ಹೊಗೆ ಮಾತ್ರ ಕಾಣುವುದಿಲ್ಲ. ಗೆದ್ದವರೂ ಸೋತವರೂ ಎಷ್ಟೋ ಜನ ಬಂದು ಹೋದರು. ನಾನು ಸೋತಿದ್ದೀನಿ, ಮಗಳನ್ನು ಕಳಿಸಿ ಅಂತ ನನಗೋಸ್ಕರ ಬಂದು ಕೇಳುವವರು ಈಗ ಯಾರೂ ಇಲ್ಲ.