ಒಂಬತ್ತು ಗಂಟೆಯ ಗೊಮ್ಮಟ

ಬೆಟ್ಟದ ಮೇಲಿನ ಗೊಮ್ಮಟನನ್ನು ಬಿಟ್ಟರೆ ಈ ನಾಡಿನಲ್ಲಿ ಹೊಸನಗರದ ಕಡೆಯ ಕೆರಿಯಪ್ಪನ ಮಗಳು ಶರಾವತಿಯಷ್ಟು ನಿಂತವರಿಲ್ಲ. ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಬೆಳಗಿನ ಒಂಬತ್ತರ ಅರ್ಥಶಾಸ್ತ್ರದ ತರಗತಿಯಲ್ಲಿ ಅವಳು ಮೂರು ವರ್ಷ ಕೂರಲೇ ಇಲ್ಲ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಪುಸ್ತಕವನ್ನು ಅಂಗೈ ಮೇಲಿಟ್ಟುಕೊಂಡು ನಿಂತೇ ಬರೆದಳು. ಕಾಲಿಗೆ ಬಳ್ಳಿ ಹಬ್ಬಲಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಗೋಡೆಯೆಲ್ಲ ಪಾಚಿಗಟ್ಟಿದರೂ ಅವಳ ಬೆನ್ನಿನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಜೂನಿಯರ್‌ಗಳು ಪರೀಕ್ಷೆಗೆ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಪಾಠ ಮಾಡುವ ಮಧುಸೂದನ ಮೇಷ್ಟ್ರಿಗೆ ಮಾತ್ರ ಅದು ತಮ್ಮ ಕೋಟೆಯೊಳಗೆ ಶತ್ರು ನೆಟ್ಟ ಬಾವುಟ. ತಡವಾಗಿ ಬಂದವರನ್ನು ನಿಲ್ಲಿಸುವುದು ಅವರ ರೂಢಿ. ನಿಲ್ಲಿಸಿದ್ದನ್ನು ಐದೇ ನಿಮಿಷಕ್ಕೆ ಮರೆಯುವುದೂ ರೂಢಿ. ಅವರು ಬೋರ್ಡಿಗೆ ತಿರುಗಿದ ಕೂಡಲೇ ಅಪರಾಧಿಗಳು ಮೆಲ್ಲಗೆ ಕೂತುಬಿಡುತ್ತಿದ್ದರು. ಇವಳೊಬ್ಬಳು ಅಲುಗಲಿಲ್ಲ. ಕೂರು ಎಂದರೆ ತಾವು ಸೋತಂತೆ, ಯಾಕೆ ನಿಂತಿದ್ದೀಯ ಎಂದು ಕೇಳಿದರೆ ಇನ್ನೂ ಸೋತಂತೆ. ಇದು ತಮ್ಮ ಪಾಠಕ್ಕೆ ಕೂಗುತ್ತಿರುವ ಧಿಕ್ಕಾರವೇ ಎಂದು ಅವರು ತೀರ್ಮಾನಿಸಿ ಹಲ್ಲು ಕಡಿದರು. ಕೊನೆಯ ಸೆಮಿಸ್ಟರಿನಲ್ಲಿ ಸೇಡಿನ ಮುಹೂರ್ತ ಬಂತು. ಅವಳ ಆಂತರಿಕ ಅಂಕಗಳ ಹಾಳೆಗೆ ಸಹಿ ಹಾಕದೆ ಪೆನ್ನಿನ ಮುಚ್ಚಳ ಮುಚ್ಚಿದರು. ಸಹಿಯಿಲ್ಲದಿದ್ದರೆ ಪದವಿಯಿಲ್ಲ.

“ಬೀಳ್ಕೊಡುಗೆ ದಿನ ಎಲ್ಲರೆದುರು ಕಾಲೇಜಿನ ಅನುಭವ ಹೇಳು. ಹಾಗೇ ನನ್ನ ಕ್ಷಮೆ ಕೇಳು. ಆಮೇಲೆ ಸಹಿ.”

ಆ ದಿನ ಉಳಿದವರೆಲ್ಲ ಕಾಲೇಜೇ ದೇಗುಲವೆಂದು ಮೂಗೊರೆಸಿಕೊಂಡರು. ಶರಾವತಿ ಮೈಕಿನ ಮುಂದೆ ಬಂದಾಗ ಸಹಪಾಠಿ ಯೋಗರಾಜ್ ಹಿಂದಿನಿಂದ ಕೂಗಿದ: “ಕುರ್ಚಿ ಹಾಕ್ಲೇನೇ?”

“ಬೇಡ ಮಾರಾಯ. ನಿಂತಿದ್ರಿಂದ್ಲೇ ಎಲ್ಲಾ ಕಾಣ್ಸಿದ್ದು,” ಎಂದಳು ಅವಳು. “ನೀರಿನ ಫಿಲ್ಟರ್ ಮೇಲೆ ದಾನಿಗಳ ಹೆಸರಿದೆ, ಒಳಗೆ ಹಲ್ಲಿ ಇದೆ. ಲೈಬ್ರರಿ ಬೀಗ ತುಕ್ಕು ಹಿಡಿದಿದೆ. ಸರ್ ನೋಟ್ಸಿನ ಹದಿನೇಳನೇ ಹಾಳೇಲಿ ಕಾಫಿ ಕಲೆ ಇದೆ, ಅದು ಬಂದ ಕೂಡ್ಲೇ ಒಂದು ಜೋಕು. ನಮ್ಮಕ್ಕ ಇಲ್ಲಿ ಓದುವಾಗ್ಲೂ ಅದೇ ಕಲೆ, ಅದೇ ಜೋಕು. ಮೂರು ವರ್ಷದಲ್ಲಿ ನಾನು ಕಲ್ತಿದ್ದು ನಿಂತ್ಕೊಂಡು ಬರೆಯೋದು.”

ಸಭಾಂಗಣ ಹೋ ಎಂದಿತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಮೂರು ವರ್ಷ ಗಂಟಲಲ್ಲಿ ಅದುಮಿಟ್ಟ ಪ್ರಶ್ನೆ ಆ ಗದ್ದಲದಲ್ಲಿ ಹೊರಗೆ ಹಾರಿತು.

“ಕಲೆ ಹಾಳಾಗ್ಲಿ! ಎಂತಕ್ಕೆ ನಿಂತಿದ್ದೆ ಮಾರಾಯ್ತಿ? ಯಾರು ಹೇಳ್ಕೊಟ್ಟಿದ್ದು ನಿಂಗೆ? ಅದೊಂದು ಹೇಳು, ಕ್ಷಮೆಯೂ ಬೇಡ, ಈಗ್ಲೇ ಸಹಿ ಹಾಕ್ತೀನಿ!”

ಶರಾವತಿ ಚೀಲದಿಂದ ಅಂಕಗಳ ಹಾಳೆ ತೆಗೆದು ಅವರ ಮುಂದೆ ಹಿಡಿದಳು. ಸಹಿ ಬಿದ್ದ ಮೇಲೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಮೊದಲ್ನೇ ದಿನ ನೀವೇ ಹೇಳಿದ್ರಲ್ಲ ಸರ್, ಟೈಮಿಗೆ ಸರಿಯಾಗಿ ಬರೋ ತನಕ ನಿಂತಿರು ಅಂತ. ನಮ್ಮ ಬಸ್ಸು ಬರೋದೇ ಒಂಬತ್ತೂ ಹತ್ತಕ್ಕೆ.”