ನಾಲ್ಕು ಬಾಯಿಯ ಯಂತ್ರವೂ ಏಣಿಯಪ್ಪನೂ

ದೊಡ್ಡಮ್ಮ ಏಣಿಯಪ್ಪನನ್ನು ಮೊದಲ ಸಲ ಕಂಡದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಉಳಿದ ಭಾಗವೆಲ್ಲ ಛಾವಣಿಯೊಳಗಿತ್ತು.

ಅಂದು ಬೆಳಿಗ್ಗೆ ಎಂಟೂಕಾಲಿಗೆ ಪೊರಕೆ, ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಅವಳು ದಾಖಲೆ ಕಚೇರಿಯ ದೊಡ್ಡ ಕೋಣೆಗೆ ಬಂದಳು. ನಟ್ಟನಡುವೆ ಒಂದು ಏಣಿ. ಏಣಿಯ ಮೇಲೆ ಎರಡು ಕಾಲು. ಎಡಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಬಂದು ಲೋಕ ನೋಡುತ್ತಿತ್ತು.

"ಕೆಳಗೆ ಯಾರು?" ಎಂದಿತು ಛಾವಣಿ.

"ಗುಡಿಸೋಳು."

"ಗುಡಿಸೋದು ಇದ್ದೇ ಇದೆ ತಾಯಿ, ಏಣಿ ಸ್ವಲ್ಪ ಹಿಡ್ಕೊಳ್ಳಿ. ಇದಕ್ಕೂ ನನ್ನ ಹಾಗೇ ಮಂಡಿ ಸರಿ ಇಲ್ಲ."

ಅವಳು ಪೊರಕೆ ಗೋಡೆಗೊರಗಿಸಿ ಏಣಿ ಹಿಡಿದಳು. ಅವಳ ಗಂಡ ಅದೇ ಕಚೇರಿಯ ಕಾವಲುಗಾರನಾಗಿದ್ದ. ಅವನು ಹೋದ ಮೇಲೆ ಕಚೇರಿಯವರು ಅವಳ ಕೈಗೆ ಪೊರಕೆ ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಸಾಹೇಬರಿಂದ ಹಿಡಿದು ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಕುರ್ಚಿ ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಕೆಳಗಿಳಿದವನಿಗೆ ಅರವತ್ತರ ಮೇಲೊಂದು ವಯಸ್ಸು. ಕನ್ನಡಕಕ್ಕೆ ದಾರ. ಏಣಿ ಹೆಗಲಿನಿಂದ ಇಳಿಯುವುದೇ ಅಪರೂಪವಾದ್ದರಿಂದ ಅವನಿಗೆ ಏಣಿಯಪ್ಪ ಎಂಬ ಹೆಸರು ಬಿದ್ದಿತ್ತು. ಅವನು ಕೂರಿಸಿದ ತಣ್ಣನೆ ಗಾಳಿಯ ಯಂತ್ರವನ್ನು ದೊಡ್ಡಮ್ಮ ತಲೆಯೆತ್ತಿ ನೋಡಿದಳು. ಊಟದ ಮೇಜಿನಷ್ಟು ಅಗಲದ ಬಿಳಿ ಚೌಕ. ನಡುವೆ ಜಾಲರಿ, ನಾಲ್ಕು ಅಂಚಿಗೆ ನಾಲ್ಕು ಸೀಳು.

"ಮಧ್ಯದ್ದು ಮೂಗು, ಸುತ್ತ ಇರೋದು ಬಾಯಿ," ಎಂದ ಏಣಿಯಪ್ಪ. "ಕೋಣೆ ಗಾಳಿನ ಮೂಗಲ್ಲಿ ಎಳ್ಕೊಂಡು, ತಣ್ಣಗೆ ಮಾಡಿ, ನಾಲ್ಕೂ ಬಾಯಲ್ಲಿ ಊದುತ್ತೆ."

"ನಮ್ಮ ಕಚೇರಿಗೆ ಹೇಳಿ ಮಾಡಿಸಿದ ಹಾಗಿದೆ ಬಿಡಪ್ಪ. ಇಲ್ಲಿ ಯಾರಿಗೂ ಒಂದು ಬಾಯಿ ಸಾಕಾಗಲ್ಲ."

ಹತ್ತೂಕಾಲಿಗೆ ಸಿಬ್ಬಂದಿ ಬಂದರು. ನಾಲ್ಕು ಬಾಯಿಯ ಕೆಳಗೆ ಸರಿಯಾಗಿ ನಾಲ್ಕು ಮೇಜು: ಹೆಡ್ ಗುಮಾಸ್ತರದು, ಟೈಪಿಸ್ಟಮ್ಮನದು, ಮೊಹರು ಒತ್ತುವವರದು, ಅರ್ಜಿ ತೆಗೆದುಕೊಳ್ಳುವವರದು. ಏಣಿಯಪ್ಪ ರಿಮೋಟು ಹಿಡಿದು ಒಬ್ಬೊಬ್ಬರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದ: "ಎಷ್ಟಕ್ಕಿಡ್ಲಿ?"

ಟೈಪಿಸ್ಟಮ್ಮ ಶಾಲು ಎಳೆದುಕೊಂಡು ಇಪ್ಪತ್ತೆಂಟು ಎಂದರು. ಮೊಹರಿನವರು ಹದಿನೆಂಟು ಎಂದರು. ಅರ್ಜಿಯವರು, ಎಷ್ಟಾದರೂ ಸರಿ, ಗಾಳಿ ಮಾತ್ರ ತಲೆ ಮೇಲೆ ಬೀಳಬಾರದು ಎಂದರು. ಹೆಡ್ ಗುಮಾಸ್ತರು "ಸಾಹೇಬ್ರು ಹೇಳಿದಷ್ಟು" ಎಂದು ಗಟ್ಟಿಯಾಗಿ ಹೇಳಿ, "ಇಪ್ಪತ್ತೈದು" ಎಂದು ಮೆಲ್ಲಗೆ ಸೇರಿಸಿದರು. ಸಾಹೇಬರು ತಮ್ಮ ಬಾಗಿಲಲ್ಲೇ ನಿಂತು "ಹದಿನಾರು! ಬೇಗ ತಣ್ಣಗಾಗ್ಲಿ," ಎಂದರು. ಪೊರಕೆ ಹಿಡಿದು ನಿಂತಿದ್ದ ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ. ಕೇಳುತ್ತಾರೆಂದು ಅವಳೂ ಕಾಯಲಿಲ್ಲ.

"ಹದಿನಾರಕ್ಕಿಟ್ರೆ ಬೇಗ ಆಗಲ್ಲ ಸಾಹೇಬ್ರೇ," ಎಂದ ಏಣಿಯಪ್ಪ. "ಈ ಯಂತ್ರಕ್ಕೆ ಆ ಅಂಕಿ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತೆ, ಎಷ್ಟು ಜೋರಾಗಿ ಓಡಬೇಕು ಅಂತಲ್ಲ. ಅದೂ ಅಲ್ದೆ ಬಿಸಿ ನೋಡೋ ಸೆನ್ಸರ್ ಮೂಗಿನ ಹತ್ರ ಇದೆ. ಬಿಸಿ ಗಾಳಿ ಯಾವಾಗ್ಲೂ ಮೇಲಿರುತ್ತೆ. ಅಲ್ಲಿನ ಬಿಸಿ ನೋಡ್ಕೊಂಡು ಇಲ್ಲಿ ಊದ್ತಾ ಇರುತ್ತೆ. ಕೆಳಗೆ ಕೂತವರಿಗೆ ಚಳಿ ಹತ್ತಿದ್ರೂ ಅದಕ್ಕೆ ಗೊತ್ತಾಗಲ್ಲ."

"ಮೇಲಿದ್ದವರಿಗೆ ಕೆಳಗಿನವರ ಕಷ್ಟ ಗೊತ್ತಾಗಲ್ಲ ಅಂತೀರಾ?"

"ನಾನು ಯಂತ್ರದ ವಿಷಯ ಹೇಳ್ತಿದ್ದೀನಿ ಸಾಹೇಬ್ರೇ."

ಹೆಡ್ ಗುಮಾಸ್ತರಿಗೆ ಕಡತದೊಳಗೆ ಮುಖವಿಟ್ಟು ಕೆಮ್ಮುವ ಕೆಲಸ ಬಂತು. ಅಂಕಿ ಹದಿನಾರಕ್ಕೇ ನಿಂತಿತು.

ನಾಲ್ಕನೆಯ ದಿನ ಟೈಪಿಸ್ಟಮ್ಮ ಹಳೆಯ ಕಡತದ ರಟ್ಟೊಂದನ್ನು ತಮ್ಮ ಮೇಲಿನ ಬಾಯಿಗೆ ಅಂಟಿಸಿದರು. ಅಲ್ಲಿ ತಡೆದ ಗಾಳಿ ಹೆಡ್ ಗುಮಾಸ್ತರ ಬೋಳು ತಲೆಗೆ ಬಂತು. ಅವರೂ ರಟ್ಟು ಹಚ್ಚಿದರು. ಆಮೇಲೆ ಅರ್ಜಿಯವರು. ಚಳಿಯೆಂದರೆ ಪ್ರಾಣ ಎನ್ನುತ್ತಿದ್ದ ಮೊಹರಿನವರ ಮೇಲೆ ನಾಲ್ಕು ಜನರ ಪಾಲಿನ ಗಾಳಿಯೂ ಬಿದ್ದು ಕಾಗದಗಳು ಹಾರತೊಡಗಿದಾಗ ಅವರೂ ಸೋತರು. ಹನ್ನೊಂದಕ್ಕೆ ಚಹಾ ಕುಡಿದು ನಾಲ್ವರೂ ರಟ್ಟು ಏರಿಸುವುದು, ಸಂಜೆ ಸಾಹೇಬರು ಸುತ್ತು ಬರುವ ಮೊದಲು ಇಳಿಸಿ ಕಪಾಟಿನ ಹಿಂದೆ ಸೇರಿಸುವುದು ಪದ್ಧತಿಯಾಯಿತು. ಬೇರೆ ಯಾವ ಕೆಲಸದಲ್ಲೂ ಅವರು ಅಷ್ಟು ಒಗ್ಗಟ್ಟು ತೋರಿಸಿದ್ದನ್ನು ದೊಡ್ಡಮ್ಮ ಕಂಡಿರಲಿಲ್ಲ.

ಆಗ ಯಂತ್ರ ನಿಲ್ಲತೊಡಗಿತು. ಮಧ್ಯಾಹ್ನದ ಹೊತ್ತಿಗೆ ತಂಪು ಹೋಗಿ ಬರೀ ಗಾಳಿ. ಸ್ವಲ್ಪ ಹೊತ್ತಿಗೆ ಜಾಲರಿಯಿಂದ ತೊಟತೊಟ ನೀರು. ಸಾಹೇಬರು ತಮ್ಮ ಕೋಣೆಯೊಳಗಿಂದಲೇ ಕೂಗಿದರೆ ದೊಡ್ಡಮ್ಮ ಬಕೆಟ್ಟು ತಂದಿಡುವಳು.

ಯಂತ್ರ ನಿಂತದ್ದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ಪೊರಕೆ ಇಡುವ ಹಿತ್ತಲ ಕೋಣೆಯಲ್ಲಿ ಅವಳು ಬುತ್ತಿ ಉಣ್ಣುತ್ತಿದ್ದಳು. ಅದರ ಬಾಗಿಲಿಗೆ ಎದುರಾಗಿಯೇ ಯಂತ್ರದ ಹೊರಗಿನ ಪೆಟ್ಟಿಗೆ ಗುಂಯ್ ಎನ್ನುತ್ತ ಬಿಸಿಗಾಳಿ ಕಾರುತ್ತಿತ್ತು. ಗುಂಯ್ ನಿಂತಿತೆಂದರೆ ಒಳಗೆ ಕೂಗು ಏಳುತ್ತದೆಂದು ಲೆಕ್ಕ. ಅವಳಿಗೆ ತನ್ನ ಹೆಸರು, ಅಂಕಿ ಬಿಟ್ಟು ಬರವಣಿಗೆ ಬಾರದು. ಆದರೆ ಕಂಡದ್ದನ್ನು ಗುರುತು ಮಾಡಿಡದೆ ಅವಳಿಗೆ ತಿಂದ ಅನ್ನ ಇಳಿಯದು. ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದಿಂದ ದಿನಕ್ಕೊಂದು ಸಾಲು: ಎಷ್ಟು ಬಾಯಿ ಮುಚ್ಚಿದೆಯೋ ಅಷ್ಟು ಗೀಟು, ಯಂತ್ರ ನಿಂತರೆ ಅಡ್ಡಗೆರೆ, ಬಕೆಟ್ಟು ಇಟ್ಟರೆ ಸೊನ್ನೆ.

ಕರೆದಾಗಲೆಲ್ಲ ಏಣಿಯಪ್ಪ ಬಂದು ಜಾಲರಿ ಬಿಚ್ಚಿ, ಧೂಳಿನ ಬಲೆ ತೊಳೆದು ಹಾಕುತ್ತಿದ್ದ. ಅವನು ಬರುತ್ತಾನೆಂದು ಗೊತ್ತಾದೊಡನೆ ರಟ್ಟುಗಳು ಮಾಯ. ಒಂದು ದಿನ ಅವನು ಹೇಳದೆ ಬಂದ. ನಾಲ್ಕು ರಟ್ಟು ಕಂಡ. ಒಳಗೆ ಇಣುಕಿದ. ಹಿತ್ತಲಿಗೆ ಬಂದು ದೊಡ್ಡಮ್ಮನ ಹೊಸ್ತಿಲ ಮೇಲೆ ಕೂತ.

"ಒಳಗೆಲ್ಲ ಹೆಪ್ಪುಗಟ್ಟಿದೆ ದೊಡ್ಡಮ್ಮ. ಹೊಟ್ಟೇಲಿ ತಣ್ಣಗಿರೋ ಕೊಳವೆ ಸುರುಳಿ ಇದೆ. ಗಾಳಿ ಓಡಾಡ್ತಿದ್ರೆ ಆ ತಂಪನ್ನ ಹೊತ್ಕೊಂಡು ಹೋಗುತ್ತೆ. ಬಾಯಿ ಮುಚ್ಚಿದ್ರೆ ಎಲ್ಲಿ ಹೋಗ್ಬೇಕು? ಸುರುಳಿ ಮೇಲಿನ ನೀರು ಮಂಜಾಗುತ್ತೆ. ಅದಕ್ಕೇ ಅಲ್ಲಿ ಇನ್ನೊಂದು ಸೆನ್ಸರ್ ಕಟ್ಟಿರ್ತಾರೆ. ಸುರುಳಿ ಸೊನ್ನೆ ಹತ್ರ ಇಳೀತೋ, ಈ ಹೊರಗಿನ ಪೆಟ್ಟಿಗೆ ನಿಲ್ಲಿಸಿಬಿಡುತ್ತೆ. ಒಳಗಿನ ಫ್ಯಾನ್ ಮಾತ್ರ ತಿರುಗ್ತಾ ಇರುತ್ತೆ, ಮಂಜು ಕರಗ್ಲಿ ಅಂತ. ಕರಗಿದ ನೀರು ಒಂದೇ ಸಲ ಬಂದು ತಟ್ಟೆ ತುಂಬಿ ಚೆಲ್ಲುತ್ತೆ."

"ಹಾಗಾದ್ರೆ ಕೆಟ್ಟಿಲ್ಲ."

"ಕೆಡಬಾರದು ಅಂತ ನಿಂತಿದೆ."

"ನಮ್ಮ ಯಜಮಾನ್ರೂ ಹಾಗೇ ಇದ್ರು ಕಣಪ್ಪ. ಕೋಪ ಹೆಚ್ಚಾದ್ರೆ ಮಾತು ನಿಲ್ಲಿಸೋರು. ಕರಗಿದ ಮೇಲೆ ತಾವೇ ಶುರು ಮಾಡೋರು."

ರಟ್ಟು, ಮಂಜಿನ ವಿಷಯವನ್ನೆಲ್ಲ ಏಣಿಯಪ್ಪ ಒಳಗೆ ಹೋಗಿ ಹೇಳಿದ. ಸಾಹೇಬರ ಕಿವಿಗೆ ಒಂದೇ ಮಾತು ಬಿತ್ತು: ಯಂತ್ರ ತಾನಾಗಿ ನಿಲ್ಲುತ್ತದೆ.

"ನನ್ನ ಅಪ್ಪಣೆ ಇಲ್ಲದೆ ಕೆಲಸ ನಿಲ್ಲಿಸೋಕೆ ಅದಕ್ಕೆ ಯಾರು ಅಧಿಕಾರ ಕೊಟ್ರು? ಆ ಸೆನ್ಸರ್ ಸುಮ್ಮನಾಗೋ ಹಾಗೆ ಮಾಡಿ."

"ಮಾಡಿದ್ರೆ ನಿಲ್ಲದೆ ಓಡುತ್ತೆ ಸಾಹೇಬ್ರೇ. ಒಂದು ವಾರ, ಹತ್ತು ದಿನ. ಆಮೇಲೆ ಹೊರಗಿನ ಪೆಟ್ಟಿಗೆ ಸತ್ತೇ ಹೋಗುತ್ತೆ. ನನ್ನ ಕೈಯಾರೆ ಅದನ್ನ ಮಾಡಲ್ಲ."

"ಸೋಮವಾರದ ತನಕ ಟೈಮ್ ಇದೆ. ಸೆನ್ಸರ್ ಇರ್ಬೇಕು, ಇಲ್ಲ ನೀವಿರ್ಬೇಕು."

ಏಣಿಯಪ್ಪನ ಮಂಡಿ ನೋಡಿ ಉಳಿದ ಕಚೇರಿಗಳೆಲ್ಲ ಒಂದೊಂದಾಗಿ ಕೈಬಿಟ್ಟಿದ್ದವು. ಅವನಿಗೆ ಏಣಿ ಊರಲು ಉಳಿದ ಜಾಗ ಇದೊಂದೇ. ಆದರೂ ದುರಸ್ತಿ ಪುಸ್ತಕ ತೆಗೆದು ಹೀಗೆ ಬರೆದು ಸಹಿ ಹಾಕಿದ: "ಯಂತ್ರದಲ್ಲಿ ದೋಷವಿಲ್ಲ. ತೊಂದರೆಗೆಲ್ಲ ನಾಲ್ಕು ಬಾಯಿಗಳೇ ಕಾರಣ. ಹನ್ನೊಂದು ಗಂಟೆಯ ಮೇಲೆ ಗಮನಿಸುವುದು."

ಹೆಡ್ ಗುಮಾಸ್ತರು ಓದಿದರು. ಇನ್ನೊಮ್ಮೆ ಓದಿದರು. ಕೋಣೆಯ ಮೇಜುಗಳನ್ನು ಎಣಿಸಿದರು: ನಾಲ್ಕು. ಹನ್ನೊಂದರ ಮೇಲೆ, ಚಹಾ ಕುಡಿದು, ಅಲ್ಲಿ ಏನು ನಡೆಯುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಲ್ವರನ್ನೂ ಹರಟೆಮಲ್ಲರೆಂದು ಸರ್ಕಾರಿ ಪುಸ್ತಕದಲ್ಲೇ ಬರೆದುಬಿಟ್ಟಿದ್ದಾನೆ ಎಂದು ದೂರು ಹೋಯಿತು. ಸೋಮವಾರಕ್ಕೆ ವಿಚಾರಣಾ ಸಮಿತಿ ಕೂತಿತು. ಅದರಲ್ಲಿ ಸಾಹೇಬರು, ಹೆಡ್ ಗುಮಾಸ್ತರು, ಮೊಹರಿನವರು. ದೂರು ಕೊಟ್ಟವರೇ ತೀರ್ಪನ್ನೂ ಕೊಟ್ಟರೆ ಹೊತ್ತು ಉಳಿಯುತ್ತದೆಂಬುದು ಕಚೇರಿಯ ಅನುಭವ.

"ನಾಲ್ಕು ಬಾಯಿ ಅಂದ್ರೆ ಯಾರು?" ಎಂದರು ಸಾಹೇಬರು.

"ಯಾರೂ ಅಲ್ಲ ಸಾಹೇಬ್ರೇ, ಯಂತ್ರದ ಬಾಯಿ. ಮೇಲೆ ನೋಡಿ. ಅವನ್ನ ರಟ್ಟು ಹಾಕಿ ಮುಚ್ಚಿದ್ದಾರೆ."

ಎಲ್ಲರೂ ತಲೆಯೆತ್ತಿದರು. ಒಂದು ರಟ್ಟೂ ಇರಲಿಲ್ಲ.

"ಎಲ್ಲಪ್ಪಾ ರಟ್ಟು?" ಎಂದರು ಹೆಡ್ ಗುಮಾಸ್ತರು. ದಿನಾ ಅದನ್ನು ಏರಿಸಿ ಇಳಿಸುತ್ತಿದ್ದ ಕೈಯಿಂದಲೇ ಮೀಸೆ ಸವರಿಕೊಂಡರು. "ಸಾಕ್ಷಿ ಇದ್ಯಾ?"

ಏಣಿಯಪ್ಪ ಬರಿಗೈ ತೋರಿಸಿದ. ಬರಿಗೈಯವನ ಮೇಲೆ ಹುಕುಂ ಬರೆಯಲು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ನನ್ನ ಬಾಗಿಲ ಮೇಲಿದೆ," ಎಂದಳು ದೊಡ್ಡಮ್ಮ, ಮೂಲೆಯಿಂದ.

ಸಮಿತಿ ಹಿತ್ತಲಿಗೆ ನಡೆಯಿತು. ಹೊರಗಿನ ಪೆಟ್ಟಿಗೆಯ ಗಾಳಿ ಮುಖಕ್ಕೆ ಬಡಿದು ಸಾಹೇಬರು ಹಿಂದೆ ಸರಿದರು. "ಏನಿದು, ಇಲ್ಲಿ ಇಷ್ಟು ಬಿಸಿ?"

"ಒಳಗೆ ನಿಮಗೆ ಬೇಡವಾದ ಬಿಸಿ ಸ್ವಾಮಿ. ಎಲ್ಲಾದ್ರೂ ಹೋಗಿ ಬೀಳ್ಬೇಕಲ್ಲ," ಎಂದಳು ದೊಡ್ಡಮ್ಮ.

ಅವಳು ಬಾಗಿಲು ತಿರುಗಿಸಿ ತೋರಿಸಿದಳು. ಇಪ್ಪತ್ತಮೂರು ಸಾಲು. ನಾಲ್ಕು ಗೀಟು, ಅಡ್ಡಗೆರೆ, ಸೊನ್ನೆ. ನಾಲ್ಕು ಗೀಟು, ಅಡ್ಡಗೆರೆ, ಸೊನ್ನೆ.

"ಓದು ಬರಹ ಬಾರದವಳ ಗೀಟು ಸಾರ್ ಇದು," ಎಂದರು ಹೆಡ್ ಗುಮಾಸ್ತರು.

"ಗೀಟಿಗೆ ಓದು ಯಾಕೆ ಸ್ವಾಮಿ? ಈ ಮೂರು ಸಾಲು ನೋಡಿ. ಟೈಪಿಸ್ಟಮ್ಮ ರಜೆ ಹಾಕಿದ್ರು. ಅವ್ರ ಬಾಯಿ ತೆರೆದಿತ್ತು. ಗಾಳಿ ಹಂಚಿಹೋಯ್ತು ಅಂತ ಅರ್ಜಿಯವ್ರೂ ಮುಚ್ಚಲಿಲ್ಲ. ಎರಡೇ ಗೀಟು. ಅಡ್ಡಗೆರೆ ಇಲ್ಲ, ಸೊನ್ನೆ ಇಲ್ಲ."

"ಯಂತ್ರ ಬೇರೆ ಕಾರಣಕ್ಕೂ ನಿಲ್ಲಬಹುದಲ್ಲ?" ಎಂದರು ಸಾಹೇಬರು.

"ನಿಲ್ಲುತ್ತೆ. ಕೋಣೆ ತಣ್ಣಗಾಯ್ತು ಅಂತ ನಿಂತ್ರೆ ನಾನು ನಾಲ್ಕು ತುತ್ತು ಉಣ್ಣೋದ್ರೊಳಗೆ ಮತ್ತೆ ಶುರು. ಅದನ್ನ ಬರೆದಿಲ್ಲ. ಮಂಜಿಗೆ ನಿಂತ್ರೆ ಉಂಡು, ತಟ್ಟೆ ತೊಳೆದು ಕವುಚಿ ಹಾಕಿದ್ರೂ ಶುರುವಾಗಲ್ಲ. ಅದು ಮಾತ್ರ ಬರೆದಿರೋದು."

ಹಿಂದೆ ನಿಂತಿದ್ದ ಟೈಪಿಸ್ಟಮ್ಮ ನಗು ತಡೆಯಲಾರದೆ ಶಾಲಿನೊಳಗೆ ನಕ್ಕರು. "ಮೊದಲ್ನೇ ರಟ್ಟು ನಂದೇ ಸಾರ್. ಹದಿನಾರಕ್ಕಿಟ್ರೆ ಇನ್ನೇನು ಮಾಡ್ಲಿ?"

ಅಲ್ಲಿಗೆ ವಿಚಾರಣೆ ಮುಗಿಯಿತು, ಹುಕುಂ ಹೊರಟಿತು. ಅಂಕಿ ಇಪ್ಪತ್ತೈದಕ್ಕೆ ಇರತಕ್ಕದ್ದು. ಅದು ಸಾಹೇಬರ ಸ್ವಂತ ಆಲೋಚನೆಯೆಂದು ಬರೆಯಲಾಗಿತ್ತು. ರಟ್ಟು ನಿಷಿದ್ಧ. ಸೆನ್ಸರನ್ನು ಮುಂದಿನ ಆದೇಶದವರೆಗೆ ಸೇವೆಯಲ್ಲಿ ಮುಂದುವರಿಸಲಾಗಿದೆ, ಏಣಿಯಪ್ಪನನ್ನೂ ಸಹ. ಆದರೆ ಅವನು ಇನ್ನು ಮುಂದೆ ಬಾಯಿ ಎಂಬ ಪದ ಬಳಸದೆ "ವಾಯು ನಿರ್ಗಮನ ದ್ವಾರ" ಎಂದೇ ಬರೆಯತಕ್ಕದ್ದು. ಕೊನೆಯ ಸಾಲು: ಸಾಕ್ಷ್ಯವಾದ ಬಾಗಿಲನ್ನು ಕಡತಕ್ಕೆ ಲಗತ್ತಿಸುವುದು.

ಇಬ್ಬರು ಬಂದು ತಿರುಪು ಬಿಚ್ಚಿ ದೊಡ್ಡಮ್ಮನ ಕೋಣೆಯ ಬಾಗಿಲು ಹೊತ್ತುಕೊಂಡು ಹೋದರು. ಕಪಾಟಿನಲ್ಲಿ ಹಿಡಿಸದೆ ಅದು ಸಾಹೇಬರ ಕುರ್ಚಿಯ ಹಿಂದೆ, ನಂಬರು ಚೀಟಿ ಅಂಟಿಸಿಕೊಂಡು ನಿಂತಿತು. ಎಂಟು ದಿನ ಬಿಟ್ಟು ಅವಳು ಕೇಳಿದಳು. ಕಡತ ಮುಗಿಯದೆ ಬಾಗಿಲು ಕೊಡುವ ಹಾಗಿಲ್ಲ, ಮೇಲಿನವರು ಬಾಗಿಲು ನೋಡದೆ ಕಡತ ಮುಗಿಯುವ ಹಾಗಿಲ್ಲ, ಮೇಲಿನವರು ಯಾವಾಗ ಬರುತ್ತಾರೋ ಹೇಳುವ ಹಾಗಿಲ್ಲ ಎಂದರು ಹೆಡ್ ಗುಮಾಸ್ತರು. ಅಷ್ಟು ದಿನ ಬಾಗಿಲಿಗೆ ಬಡಿಯುತ್ತಿದ್ದ ಬಿಸಿಗಾಳಿ ಈಗ ನೇರವಾಗಿ ಅವಳ ಬುತ್ತಿಗೇ ಬಡಿಯಿತು. ಅವಳು ಗೋಡೆಯ ಕಡೆ ತಿರುಗಿ ಉಂಡಳು.

ಆ ಬೇಸಿಗೆ ಪೂರ್ತಿ ಯಂತ್ರ ಒಮ್ಮೆಯೂ ಮಂಜಿಗೆ ನಿಲ್ಲಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಏಣಿಯಪ್ಪನ ಮಂಡಿ, ಏಣಿಯ ಮೂರನೆಯ ಮೆಟ್ಟಿಲಲ್ಲಿ, ತಾನಾಗಿಯೇ ರಾಜೀನಾಮೆ ಕೊಟ್ಟಿತು. ಅವನನ್ನು ಯಾರೂ ತೆಗೆಯಲಿಲ್ಲ. ಕೊನೆಯ ದಿನ ಧೂಳಿನ ಬಲೆ ತೊಳೆದು ಹಾಕಿ, ಪುಸ್ತಕದಲ್ಲಿ "ವಾಯು ನಿರ್ಗಮನ ದ್ವಾರಗಳು ನಾಲ್ಕೂ ಕ್ಷೇಮ" ಎಂದು ಬರೆದು ಕುಂಟುತ್ತ ಹಿತ್ತಲಿಗೆ ಬಂದ. ಕಂಕುಳಲ್ಲಿ ಒಂದು ತಗಡಿನ ಹಾಳೆ.

"ಏಣಿ ಎಲ್ಲಪ್ಪಾ?" ಎಂದಳು ದೊಡ್ಡಮ್ಮ.

"ಇದಕ್ಕೆ ಏಣಿ ಬೇಡ. ಇಷ್ಟು ದಿನ ಮೇಲೇ ನೋಡ್ತಿದ್ದೆ ನೋಡಿ, ಕೆಳಗಿಂದು ಕಾಣಲೇ ಇಲ್ಲ."

ಅವನು ಹೊರಗಿನ ಪೆಟ್ಟಿಗೆಯ ಮುಂದೆ ಒಂದು ಮೊಳ ಜಾಗ ಬಿಟ್ಟು ತಗಡನ್ನು ಓರೆಯಾಗಿ ನಿಲ್ಲಿಸಿ ಕೆಳಗಡೆ ಎರಡು ತಿರುಪು ಹಾಕಿದ. "ಇದರ ಬಾಯಿನೂ ಮುಚ್ಚಬಾರದು. ತಿರುಗಿಸ್ಬೇಕು, ಅಷ್ಟೇ," ಎಂದ. ಬಿಸಿಗಾಳಿ ತಗಡಿಗೆ ತಾಗಿ ಮೇಲಕ್ಕೆ ಹೊರಳಿತು. ದೊಡ್ಡಮ್ಮನ ಸೆರಗು ಹಾರುವುದು ನಿಂತಿತು.

ಬಿಗಿ ಮಾಡಲು ಮೂರನೆಯ ತಿರುಪೊಂದು ಉಳಿದಿತ್ತು. ಏಣಿಯಪ್ಪ ತಗಡಿನ ಅಂಚು ಹಿಡಿದು ಸ್ವಲ್ಪ ಆಚೆ, ಸ್ವಲ್ಪ ಈಚೆ ಬಾಗಿಸಿ ನೋಡಿದ. ಆಮೇಲೆ ದಾರದ ಕನ್ನಡಕ ಸರಿಮಾಡಿಕೊಂಡು, ರಿಮೋಟು ಹಿಡಿದು ಮೇಜಿನಿಂದ ಮೇಜಿಗೆ ಹೋದಾಗ ನಿಂತಿದ್ದ ಹಾಗೆಯೇ ಅವಳ ಮುಂದೆ ನೆಟ್ಟಗೆ ನಿಂತು ಕೇಳಿದ:

"ಹೇಳಿ ದೊಡ್ಡಮ್ಮ, ನಿಮಗೆ ಎಷ್ಟಕ್ಕಿಡ್ಲಿ?"